ಧಾರವಾಡದ ಕಾರು, ಪುಣೆಯ ಪಿಯುಸಿ: ಹೊಗೆ ತಪಾಸಣೆಯಲ್ಲಿ ತೇರ್ಗಡೆಯಾಗದ ವಾಹನಕ್ಕೆ ಮುಂದಿನ ದಾರಿ ಯಾವುದು?

ಕೋಥ್ರೂಡಿನ ಧಾರವಾಡದವನು

ಪುಣೆ, ಮುಂಬಯಿ ಮತ್ತು ಗೋವೆಯ ಕನ್ನಡ ಬಂಧುಗಳಿಗೆ ನಮಸ್ಕಾರ. ನಮ್ಮ ತಂದೆಯವರು 2011ರಲ್ಲಿ ಧಾರವಾಡದಲ್ಲಿ ಕೊಂಡ ಪೆಟ್ರೋಲ್ ಕಾರನ್ನು, ಕಣ್ಣಿನ ಶಸ್ತ್ರಚಿಕಿತ್ಸೆಯ ಬಳಿಕ ಅವರು ಓಡಿಸುವುದನ್ನು ನಿಲ್ಲಿಸಿದ್ದರಿಂದ, ಏಳು ತಿಂಗಳ ಹಿಂದೆ ನಾನು ಕೋಥ್ರೂಡಿಗೆ ತಂದೆ. ಕೆಎ-25 ನೋಂದಣಿ ಹಾಗೆಯೇ ಇದೆ. ನಮ್ಮೂರಿನಲ್ಲಿ ಎಮಿಷನ್ ಟೆಸ್ಟ್ ಎನ್ನುವುದನ್ನು ಇಲ್ಲಿ ಎಲ್ಲರೂ ಪಿಯುಸಿ (ಪೊಲ್ಯೂಷನ್ ಅಂಡರ್ ಕಂಟ್ರೋಲ್) ಎನ್ನುತ್ತಾರೆ. ಅದರ ಅವಧಿ ಬರುವ ಮಂಗಳವಾರ ಮುಗಿಯುವುದರಿಂದ, ಕಳೆದ ಶನಿವಾರ ಬೆಳಿಗ್ಗೆ ಮನೆಯ ಹತ್ತಿರದ ಕೇಂದ್ರಕ್ಕೆ ಹೋಗಿದ್ದೆ. ಕಾರ್ಬನ್ ಮೊನಾಕ್ಸೈಡ್ ಶೇ 1.12, ಹೈಡ್ರೋಕಾರ್ಬನ್ (ಉರಿಯದೆ ಉಳಿದ ಪೆಟ್ರೋಲ್) 830 ಪಿಪಿಎಂ, ಅಂದರೆ ಹತ್ತು ಲಕ್ಷಕ್ಕೆ 830 ಪಾಲು, ಎಂದು ಬಂತು. ಅಲ್ಲಿನ ಹುಡುಗ ಪ್ರಮಾಣಪತ್ರದ ಬದಲು ತಿರಸ್ಕಾರ ಚೀಟಿಯನ್ನು ಕೈಗಿತ್ತು, ಗ್ಯಾರೇಜಿಗೆ ತೋರಿಸಿರಿ ಎಂದ.

ಹದಿನಾಲ್ಕು ವರ್ಷ ಒಮ್ಮೆಯೂ ಹೀಗಾಗಿರಲಿಲ್ಲವಾದ್ದರಿಂದ ನನಗೆ ಗಾಬರಿಯಾಗಿದೆ. ಅವಧಿ ಮುಗಿದ ಮೇಲೆ ನನಗೆ ಎಷ್ಟು ದಿನಗಳ ಕಾಲಾವಕಾಶವಿರುತ್ತದೆ? ಮುಂದಿನ ತಿಂಗಳು ವಿಮೆಯ ನವೀಕರಣವಿದೆ, ಅದಕ್ಕೆ ತೊಡಕಾಗುತ್ತದೆಯೇ? ಇನ್ನೊಂದು ಮಾತು: ನಮ್ಮ ಪಕ್ಕದ ಮನೆಯವರ ಕಾರು ಕೂಡ 2011ರದೇ, ಅದೂ ಪೆಟ್ರೋಲಿನದೇ. ಅವರಿಗೆ ಒಂದು ವರ್ಷದ ಪ್ರಮಾಣಪತ್ರ ಸಿಗುತ್ತದೆ, ನಮಗೆ ಮಾತ್ರ ಆರೇ ತಿಂಗಳು. ಕರ್ನಾಟಕದ ಗಾಡಿಯೆಂದು ಈ ಭೇದವೇ? ತಿಳಿದವರು ದಯವಿಟ್ಟು ಹೇಳಬೇಕು.

ಪಾಷಾಣದ ಇಂಜಿನಿಯರ್

ಸರ್, ಕೊನೆಯ ಪ್ರಶ್ನೆಗೆ ಮೊದಲು ಉತ್ತರಿಸುತ್ತೇನೆ, ಏಕೆಂದರೆ ಅಲ್ಲಿ ನಿಮಗೆ ಅನ್ಯಾಯವಾಗಿಲ್ಲ. ಹೊಸ ವಾಹನಗಳ ಹೊಗೆಗೆ ಮಿತಿ ಹಾಕುವ ಭಾರತ್ ಸ್ಟೇಜ್ 4 ಮಾನದಂಡವು 2010ರಲ್ಲಿ ಇಡೀ ದೇಶಕ್ಕೆ ಒಂದೇ ಸಲ ಬರಲಿಲ್ಲ. ಬೆಂಗಳೂರು, ಮುಂಬಯಿ, ಪುಣೆ ಸೇರಿದಂತೆ 13 ನಗರಗಳಿಗೆ ಮೊದಲು ಬಂತು. ಉಳಿದ ಕಡೆ ಸ್ಟೇಜ್ 3 ಇದ್ದು, ದೇಶದಾದ್ಯಂತ ಸ್ಟೇಜ್ 4 ಜಾರಿಯಾದದ್ದು 2017ರ ಏಪ್ರಿಲ್ 1ರಂದು. ಹೀಗಾಗಿ ಒಂದೇ ವರ್ಷದಲ್ಲಿ ಪುಣೆಯಲ್ಲಿ ಕೊಂಡ ನಿಮ್ಮ ನೆರೆಯವರ ಕಾರು ಸ್ಟೇಜ್ 4ರದ್ದು, ಧಾರವಾಡದಲ್ಲಿ ಕೊಂಡ ನಿಮ್ಮ ಕಾರು ಬಹುಮಟ್ಟಿಗೆ ಸ್ಟೇಜ್ 3ರದ್ದು. ಕೇಂದ್ರ ಮೋಟಾರು ವಾಹನ ನಿಯಮಗಳು, 1989ರ 115ನೆಯ ನಿಯಮದಂತೆ ಪಿಯುಸಿಯ ಅವಧಿ ಆರು ತಿಂಗಳು. ಸ್ಟೇಜ್ 4 ಮತ್ತು ಅದರ ನಂತರದ ವಾಹನಗಳಿಗೆ ಮಾತ್ರ ಹನ್ನೆರಡು ತಿಂಗಳು. ನಂಬರ್ ಪ್ಲೇಟಿನ ರಾಜ್ಯಕ್ಕೂ ಇದಕ್ಕೂ ಸಂಬಂಧವಿಲ್ಲ. ಧಾರವಾಡದಲ್ಲಿ ಮಾಡಿಸಿದ ಪ್ರಮಾಣಪತ್ರ ಪುಣೆಯಲ್ಲಿಯೂ, ಪುಣೆಯಲ್ಲಿ ಮಾಡಿಸಿದ್ದು ಧಾರವಾಡದಲ್ಲಿಯೂ ನಡೆಯುತ್ತದೆ.

ಇದೇ ವ್ಯತ್ಯಾಸ ನಿಮ್ಮ ಅಂಕಿಗಳನ್ನು ಓದುವುದಕ್ಕೂ ಬೇಕು. ಸ್ಟೇಜ್ 2 ಮತ್ತು 3ರ ನಾಲ್ಕು ಗಾಲಿಯ ಪೆಟ್ರೋಲ್ ವಾಹನಕ್ಕೆ ಐಡಲ್ ವೇಗದಲ್ಲಿ (ಆಕ್ಸಿಲರೇಟರ್ ಒತ್ತದೆ ಎಂಜಿನ್ ನಿಂತಲ್ಲೇ ಓಡುವಾಗ) ಕಾರ್ಬನ್ ಮೊನಾಕ್ಸೈಡಿನ ಮಿತಿ ಶೇ 0.5, ಹೈಡ್ರೋಕಾರ್ಬನಿನ ಮಿತಿ 750 ಪಿಪಿಎಂ. ಸ್ಟೇಜ್ 4ಕ್ಕೆ ಅವೇ ಮಿತಿಗಳು ಶೇ 0.3 ಮತ್ತು 200 ಪಿಪಿಎಂಗೆ ಇಳಿಯುತ್ತವೆ. ಅದರ ಜೊತೆಗೆ ಎಂಜಿನ್ನನ್ನು 2500 ಆರ್‌ಪಿಎಂ ಆಸುಪಾಸಿನಲ್ಲಿ ಹಿಡಿದು ಎರಡನೆಯ ಅಳತೆಯನ್ನೂ ತೆಗೆದುಕೊಳ್ಳುತ್ತಾರೆ. ಅಲ್ಲಿ ಕಾರ್ಬನ್ ಮೊನಾಕ್ಸೈಡ್ ಶೇ 0.2 ದಾಟಬಾರದು, ಗಾಳಿ ಮತ್ತು ಇಂಧನದ ಹದವನ್ನು ಹೇಳುವ ಲ್ಯಾಂಬ್ಡಾ 0.97ರಿಂದ 1.03ರ ಒಳಗಿರಬೇಕು. ನಿಮ್ಮ ಕಾರು ಸಡಿಲವಾದ ಮಿತಿಯನ್ನೂ ದಾಟಿದೆ. ಮೊನಾಕ್ಸೈಡ್ ಮಿತಿಯ ಎರಡು ಪಟ್ಟಿಗಿಂತ ಹೆಚ್ಚಾಗಿದ್ದು, ಹೈಡ್ರೋಕಾರ್ಬನ್ ಸ್ವಲ್ಪ ಮಾತ್ರ ಮೇಲಿದೆ. ಎರಡೂ ಒಟ್ಟಿಗೆ ಏರಿರುವುದರಿಂದ ಎಂಜಿನ್ನಿಗೆ ಇಂಧನ ಅಗತ್ಯಕ್ಕಿಂತ ಹೆಚ್ಚು ಹೋಗುತ್ತಿದೆ ಎಂದು ನನಗೆ ತೋರುತ್ತದೆ.

ಒಂದು ಪ್ರಶ್ನೆ. ಪರೀಕ್ಷೆಗೆ ಮೊದಲು ಕಾರನ್ನು ಎಷ್ಟು ದೂರ ಓಡಿಸಿದ್ದಿರಿ?

ಕೋಥ್ರೂಡಿನ ಧಾರವಾಡದವನು

ಮನೆಯಿಂದ ಒಂದು ಕಿಲೋಮೀಟರೂ ಇಲ್ಲ, ಸರ್. ಅಲ್ಲಿ ಸರದಿಯಲ್ಲಿ ಎಂಜಿನ್ ಆರಿಸಿ ಇಪ್ಪತ್ತು ನಿಮಿಷ ಕಾದಿದ್ದೆ.

ಪಾಷಾಣದ ಇಂಜಿನಿಯರ್

ಹಾಗಾದರೆ ಅಂಕಿಗಳ ಒಂದು ಪಾಲು ತಣ್ಣಗಿದ್ದ ಎಂಜಿನ್ನಿಗೆ ಸೇರಬೇಕು. ಸೈಲೆನ್ಸರಿನ ದಾರಿಯಲ್ಲಿರುವ ಕ್ಯಾಟಲಿಟಿಕ್ ಕನ್ವರ್ಟರ್ ಎಂಬ ಭಾಗವು ಸುಮಾರು 250ರಿಂದ 300 ಡಿಗ್ರಿ ಸೆಲ್ಸಿಯಸ್ ಬಿಸಿಯಾಗುವವರೆಗೆ ತನ್ನ ಕೆಲಸವನ್ನು ಆರಂಭಿಸುವುದೇ ಇಲ್ಲ. ಅದರ ಒಳಗಿನ ಪ್ಲಾಟಿನಂ, ಪಲ್ಲೇಡಿಯಂ, ರೋಡಿಯಂ ಲೇಪನವು ಬಿಸಿಯಾದ ಮೇಲೆಯೇ ಮೊನಾಕ್ಸೈಡನ್ನು ಡೈಆಕ್ಸೈಡ್ ಆಗಿಯೂ, ಉರಿಯದೆ ಉಳಿದ ಪೆಟ್ರೋಲಿನ ಆವಿಯನ್ನು ನೀರು ಮತ್ತು ಡೈಆಕ್ಸೈಡ್ ಆಗಿಯೂ ಮಾರ್ಪಡಿಸುತ್ತದೆ. ಎಂಜಿನ್ ತನ್ನ ಸಹಜ ಬಿಸಿಯಲ್ಲಿರುವಾಗಲೇ ಅಳೆಯಬೇಕೆಂದು ಪರೀಕ್ಷಾ ವಿಧಾನದಲ್ಲಿಯೇ ಇದೆ. ಮಾಪಕದ ಕೊಳವೆಯನ್ನು ಸೈಲೆನ್ಸರಿನೊಳಗೆ 300 ಮಿಲಿಮೀಟರಿನಷ್ಟು ಆಳಕ್ಕೆ ಇಳಿಸಬೇಕು, ಇಲ್ಲದಿದ್ದರೆ ಹೊರಗಿನ ಗಾಳಿ ಬೆರೆತು ಅಳತೆ ಸುಳ್ಳಾಗುತ್ತದೆ. ಮರುಪರೀಕ್ಷೆಗೆ ಹೋಗುವಾಗ ಹೆದ್ದಾರಿಯಲ್ಲಿ ಹತ್ತು ಹನ್ನೆರಡು ಕಿಲೋಮೀಟರ್ ಓಡಿಸಿ, ಎಸಿ ಮತ್ತು ದೀಪಗಳನ್ನು ಆರಿಸಿ, ಎಂಜಿನ್ ಆರಿಸದೆ ಸರದಿಯಲ್ಲಿ ನಿಲ್ಲಿರಿ. ಅದಕ್ಕೂ ಮೊದಲು ಗ್ಯಾರೇಜಿಗೆ ತೋರಿಸಲೇಬೇಕು. ಶೇ 1.12 ಎಂಬುದು ಕೇವಲ ತಣ್ಣಗಿದ್ದುದರ ಫಲವೆಂದು ನಾನು ನಂಬುವುದಿಲ್ಲ.

ಹಡಪಸರದ ಹೋಟೆಲಿನವರು

ಪಿಯುಸಿ ಅವಧಿ ಮುಗಿದ ಮೇಲೆ ಏಳು ದಿನ ಮಾಫಿ ಇರುತ್ತದೆ ಎಂದು ನಮ್ಮ ಟೆಂಪೊ ಚಾಲಕರೆಲ್ಲ ಹೇಳುತ್ತಾರೆ. ಆದ್ದರಿಂದ ನೀವು ನಿಶ್ಚಿಂತೆಯಿಂದ ಇರಬಹುದು ಎಂದುಕೊಂಡಿದ್ದೇನೆ.

ಮಾಟುಂಗಾದ ವಕೀಲರು

ಹೋಟೆಲಿನ ಅಣ್ಣನವರು ಒಳ್ಳೆಯ ಮನಸ್ಸಿನಿಂದಲೇ ಹೇಳಿದ್ದಾರೆ, ಆದರೆ ಈ ಏಳು ದಿನದ ಮಾತು ಬಹಳ ಜನರನ್ನು ದಾರಿ ತಪ್ಪಿಸಿದೆಯಾದ್ದರಿಂದ ಬಿಡಿಸಿ ಹೇಳುವುದು ಅವಶ್ಯ. ಪ್ರಮಾಣಪತ್ರದ ಅವಧಿ ಮುಗಿದ ಮೇಲೆ ಇಂತಿಷ್ಟು ದಿನ ರಿಯಾಯಿತಿ ಎಂದು 115ನೆಯ ನಿಯಮದಲ್ಲಿ ಎಲ್ಲಿಯೂ ಇಲ್ಲ. ಏಳು ದಿನದ ಉಲ್ಲೇಖವಿರುವುದು 116ನೆಯ ನಿಯಮದಲ್ಲಿ, ಅದೂ ಬೇರೆಯೇ ಸಂದರ್ಭಕ್ಕೆ. ಸಬ್ ಇನ್‌ಸ್ಪೆಕ್ಟರ್ ದರ್ಜೆಗೆ ಕಡಿಮೆಯಲ್ಲದ ಪೊಲೀಸ್ ಅಧಿಕಾರಿಗಾಗಲಿ ಮೋಟಾರು ವಾಹನ ನಿರೀಕ್ಷಕರಿಗಾಗಲಿ ಒಂದು ವಾಹನ ಮಿತಿ ಮೀರಿ ಹೊಗೆಯುಗುಳುತ್ತಿದೆ ಎಂದು ನಂಬಲು ಕಾರಣವಿದ್ದರೆ, ಅದನ್ನು ಪರೀಕ್ಷೆಗೆ ಒಡ್ಡಿ ಏಳು ದಿನಗಳೊಳಗೆ ಪ್ರಮಾಣಪತ್ರವನ್ನು ಹಾಜರುಪಡಿಸಬೇಕೆಂದು ಅವರು ನಿರ್ದೇಶನ ಕೊಡಬಹುದು. ಕೈಯಲ್ಲಿ ಚಾಲ್ತಿಯಲ್ಲಿರುವ ಪಿಯುಸಿ ಇದ್ದರೂ ಈ ನಿರ್ದೇಶನ ಬರಬಹುದು ಎಂಬುದನ್ನು ಗಮನಿಸಿರಿ. ಕಪ್ಪು ಹೊಗೆ ಕಣ್ಣಿಗೆ ಕಾಣುತ್ತಿರುವಾಗ ಕಾಗದವೊಂದೇ ರಕ್ಷೆಯಾಗುವುದಿಲ್ಲ. ನಿರ್ದೇಶನವನ್ನು ಪಾಲಿಸದಿದ್ದರೆ ದಂಡವಷ್ಟೇ ಅಲ್ಲ, ನೋಂದಣಿ ಪ್ರಾಧಿಕಾರವು ಕಾರಣಗಳನ್ನು ಬರೆದಿಟ್ಟು, ಹೊಸ ಪಿಯುಸಿ ಹಾಜರಾಗುವವರೆಗೆ ನೋಂದಣಿಯನ್ನೇ ಅಮಾನತುಗೊಳಿಸಬಹುದು.

ದಂಡದ ಕಲಮು ಮೋಟಾರು ವಾಹನ ಕಾಯ್ದೆಯ 190(2). 2019ರ ಸೆಪ್ಟೆಂಬರ್ 1ರಿಂದ ಜಾರಿಯಾದ ತಿದ್ದುಪಡಿಯಂತೆ ಮೊದಲ ಅಪರಾಧಕ್ಕೆ ಮೂರು ತಿಂಗಳವರೆಗಿನ ಸೆರೆವಾಸ ಅಥವಾ 10,000 ರೂಪಾಯಿಯವರೆಗಿನ ದಂಡ ಅಥವಾ ಎರಡೂ, ಜೊತೆಗೆ ಮೂರು ತಿಂಗಳ ಮಟ್ಟಿಗೆ ಚಾಲನಾ ಪರವಾನಗಿಗೆ ಅನರ್ಹತೆ. ಎರಡನೆಯ ಸಲಕ್ಕೆ ಸೆರೆವಾಸದ ಮಿತಿ ಆರು ತಿಂಗಳಿಗೆ ಏರುತ್ತದೆ. ರಸ್ತೆಯಲ್ಲಿಯೇ ಇತ್ಯರ್ಥಪಡಿಸುವ ಮೊತ್ತವನ್ನು ಆಯಾ ರಾಜ್ಯ ಸರ್ಕಾರ ಗೊತ್ತುಪಡಿಸುತ್ತದೆ.

ವಿಮೆಯ ವಿಷಯ. 2017ರ ಆಗಸ್ಟ್ 10ರಂದು ಸುಪ್ರೀಂ ಕೋರ್ಟು ಪಿಯುಸಿ ಇಲ್ಲದ ವಾಹನಕ್ಕೆ ವಿಮೆಯನ್ನು ನವೀಕರಿಸಬಾರದೆಂದು ಹೇಳಿತ್ತು. ಅದರಿಂದ ಅನೇಕ ವಾಹನಗಳು ವಿಮೆಯೇ ಇಲ್ಲದೆ ರಸ್ತೆಯಲ್ಲಿ ಓಡತೊಡಗಿ, ಅಪಘಾತದಲ್ಲಿ ನೊಂದವರಿಗೆ ಪರಿಹಾರ ದೊರಕದ ಸ್ಥಿತಿ ಬಂದದ್ದರಿಂದ, 2024ರ ಜುಲೈ 26ರಂದು ಅದೇ ನ್ಯಾಯಾಲಯ ಆ ಷರತ್ತನ್ನು ತೆಗೆದುಹಾಕಿತು. ಆದ್ದರಿಂದ ಮೂರನೆಯ ವ್ಯಕ್ತಿಯ ವಿಮೆಗೆ ಈಗ ತೊಡಕಿಲ್ಲ. ಪಿಯುಸಿ ಇಲ್ಲವೆಂಬ ಒಂದೇ ಕಾರಣಕ್ಕೆ ಅಪಘಾತದ ಕ್ಲೇಮನ್ನು ತಳ್ಳಿಹಾಕುವಂತಿಲ್ಲವೆಂದು ವಿಮಾ ನಿಯಂತ್ರಣ ಪ್ರಾಧಿಕಾರವು 2020ರಲ್ಲಿಯೇ ಸ್ಪಷ್ಟಪಡಿಸಿದೆ. ವಿಮೆ ಮುಗಿಯಲು ಮಾತ್ರ ಬಿಡಬೇಡಿರಿ.

ಇನ್ನು ನಿಮ್ಮ ಕೈಯಲ್ಲಿರುವ ತಿರಸ್ಕಾರ ಚೀಟಿ. ಇದು 2021ರ ಜೂನ್ ತಿಂಗಳ ತಿದ್ದುಪಡಿಯಿಂದ ಬಂದದ್ದು. ದೇಶಕ್ಕೆಲ್ಲ ಒಂದೇ ನಮೂನೆಯ, ಕ್ಯೂಆರ್ ಕೋಡ್ ಇರುವ ಪ್ರಮಾಣಪತ್ರ ಬಂದದ್ದೂ, ಮಾಲೀಕರ ಮೊಬೈಲ್ ಸಂಖ್ಯೆಯನ್ನು ದಾಖಲಿಸುವುದು ಕಡ್ಡಾಯವಾದದ್ದೂ ಆಗಲೇ. ಆ ಚೀಟಿಯನ್ನು ಗ್ಯಾರೇಜಿಗೆ ತೋರಿಸಬಹುದು. ಆ ಕೇಂದ್ರದ ಮಾಪಕವೇ ಸರಿಯಿಲ್ಲವೆಂಬ ಸಂದೇಹವಿದ್ದರೆ ಅದನ್ನು ಹಿಡಿದು ಬೇರೆ ಕೇಂದ್ರದಲ್ಲಿ ಪರೀಕ್ಷೆ ಮಾಡಿಸಿಕೊಳ್ಳುವ ಹಕ್ಕೂ ನಿಮಗಿದೆ. ಆದರೆ ಅದು ಓಡಾಡಲು ಕೊಟ್ಟ ಪರವಾನಗಿಯಲ್ಲ. ಮಂಗಳವಾರದೊಳಗೆ ಕಾರನ್ನು ಗ್ಯಾರೇಜಿಗೆ ಒಯ್ದುಬಿಡುವುದು ಲೇಸು.

ಭೋಸರಿ ಗ್ಯಾರೇಜು

ನಮಸ್ಕಾರ. ನಾನು ಮೂಲತಃ ವಿಜಯಪುರದವನು. ಇಪ್ಪತ್ತಾರು ವರ್ಷಗಳಿಂದ ಭೋಸರಿಯಲ್ಲಿ ಗಾಡಿಗಳ ಕೆಲಸ ಮಾಡುತ್ತಿದ್ದೇನೆ. ಪಿಯುಸಿಯಲ್ಲಿ ಹಿಂದಕ್ಕೆ ಬಂದ ಕಾರುಗಳನ್ನು ನೋಡುವುದು ನಮಗೆ ವಾರದ ಕೆಲಸ. ಇಂತಹ ಸಂದರ್ಭದಲ್ಲಿ ಗ್ರಾಹಕರು ಹಣ ಕಳೆದುಕೊಳ್ಳುವುದನ್ನು ಕಂಡು ಸಂಕಟವಾಗುವುದರಿಂದ ಸ್ವಲ್ಪ ವಿವರವಾಗಿ ಬರೆಯುತ್ತಿದ್ದೇನೆ.

ಕಾರ್ಬ್ಯುರೇಟರಿನ ಕಾಲದಲ್ಲಿ ಏರ್ ಫಿಲ್ಟರಿಗೆ ಧೂಳು ತುಂಬಿದರೆ ಸಾಕು, ಗಾಳಿ ಕಡಿಮೆಯಾಗಿ ಮೊನಾಕ್ಸೈಡ್ ಏರುತ್ತಿತ್ತು. ಆದ್ದರಿಂದಲೇ ಹಳೆಯ ಮೆಕ್ಯಾನಿಕ್‌ಗಳೆಲ್ಲ ಮೊದಲು ಫಿಲ್ಟರ್ ಬದಲಿಸಿರಿ ಎನ್ನುತ್ತಾರೆ. ಇಂಜೆಕ್ಷನ್ ಗಾಡಿಯಲ್ಲಿ ಕಂಪ್ಯೂಟರು ಗಾಳಿಯನ್ನು ಅಳೆದು ಅದಕ್ಕೆ ತಕ್ಕಷ್ಟೇ ಪೆಟ್ರೋಲ್ ಬಿಡುವುದರಿಂದ, ಫಿಲ್ಟರ್ ಒಂದರಿಂದಲೇ ಇಷ್ಟು ದೊಡ್ಡ ವ್ಯತ್ಯಾಸ ಬರುವುದು ಅಪರೂಪ. ಹಾಗೆಂದು ಕೊಳೆ ತುಂಬಿದ ಫಿಲ್ಟರನ್ನು ಬಿಟ್ಟುಬಿಡಿ ಎಂದು ನಾನು ಹೇಳುತ್ತಿಲ್ಲ, ಅದು ಹೇಗೂ ಬದಲಾಗಬೇಕಾದದ್ದೇ. ನಾನು ಮೊದಲು ನೋಡುವುದು ಆಕ್ಸಿಜನ್ ಸೆನ್ಸರನ್ನು. ಹೊರಹೋಗುವ ಹೊಗೆಯಲ್ಲಿ ಎಷ್ಟು ಆಮ್ಲಜನಕ ಉಳಿದಿದೆ ಎಂಬುದನ್ನು ಅದು ಕಂಪ್ಯೂಟರಿಗೆ ತಿಳಿಸುತ್ತದೆ. ಬಿಸಿಯಾದ ಎಂಜಿನ್ನಿನಲ್ಲಿ ಅದರ ಸಂಕೇತ 0.1 ವೋಲ್ಟಿನಿಂದ 0.9 ವೋಲ್ಟಿನ ನಡುವೆ ಬೇಗಬೇಗ ಏರಿಳಿಯುತ್ತಿರಬೇಕು. ವಯಸ್ಸಾದ ಸೆನ್ಸರು ಮಂದವಾಗಿ ಒಂದೇ ಕಡೆ ನಿಂತುಬಿಡುತ್ತದೆ, ಆಗ ಕಂಪ್ಯೂಟರು ಅಂದಾಜಿನ ಮೇಲೆ ಪೆಟ್ರೋಲ್ ಬಿಡುತ್ತದೆ. ಸ್ಕ್ಯಾನರ್ ಹಚ್ಚಿದರೆ ಇದು ಹತ್ತು ನಿಮಿಷದಲ್ಲಿ ತಿಳಿಯುವ ಸಂಗತಿ.

ಆದರೆ ಸೆನ್ಸರಿನ ಸಂಕೇತ ತಪ್ಪಿದ ಕೂಡಲೇ ಸೆನ್ಸರೇ ಕೆಟ್ಟಿದೆ ಎಂದು ತೀರ್ಮಾನಿಸಬಾರದು, ಇಲ್ಲಿಯೇ ಬಹಳ ಜನ ಎಡವುತ್ತಾರೆ. ಎಂಜಿನ್ನಿಗೂ ಸೆನ್ಸರಿಗೂ ನಡುವೆ, ಎಂಜಿನ್ನಿನ ಹೊಗೆಯನ್ನು ಒಟ್ಟುಗೂಡಿಸಿ ಹೊರಗೆ ಒಯ್ಯುವ ಎಕ್ಸಾಸ್ಟ್ ಮ್ಯಾನಿಫೋಲ್ಡಿನ ಗ್ಯಾಸ್ಕೆಟ್ (ಜೋಡಣೆಯ ಸಂದನ್ನು ಮುಚ್ಚುವ ತೆಳು ಹಾಳೆ) ಸೀಳಿದ್ದರೆ, ಆ ಸಂದಿನಿಂದ ಹೊರಗಿನ ಗಾಳಿ ಒಳಗೆ ಎಳೆದುಕೊಳ್ಳುತ್ತದೆ. ಸೆನ್ಸರಿಗೆ ಆಮ್ಲಜನಕ ಹೆಚ್ಚಾಗಿ ಕಾಣುತ್ತದೆ, ಪೆಟ್ರೋಲ್ ಸಾಲದು ಎಂದು ಅದು ಹೇಳುತ್ತದೆ, ಕಂಪ್ಯೂಟರು ಅದನ್ನು ನಂಬಿ ಇನ್ನಷ್ಟು ಪೆಟ್ರೋಲ್ ಸುರಿಯುತ್ತದೆ. ಹೀಗೆ ಒಂದು ಸಣ್ಣ ಸೀಳಿನಿಂದ ಮೊನಾಕ್ಸೈಡ್ ಎರಡು ಮೂರು ಪಟ್ಟು ಏರುವುದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಬೆಳಿಗ್ಗೆ ಮೊದಲ ಸಲ ಚಾಲೂ ಮಾಡಿದಾಗ ಬಾನೆಟ್ಟಿನ ಕೆಳಗಿನಿಂದ ಟಿಕ್ ಟಿಕ್ ಎಂಬ ಸದ್ದು ಬಂದು, ಬಿಸಿಯಾದ ಮೇಲೆ ಅದು ಕಡಿಮೆಯಾಗುತ್ತಿದ್ದರೆ ಆ ಗ್ಯಾಸ್ಕೆಟನ್ನು ಸಂಶಯಿಸಿರಿ.

ಹೈಡ್ರೋಕಾರ್ಬನ್ ಒಂದೇ ಬಹಳ ಏರಿದ್ದರೆ ಸ್ಪಾರ್ಕ್ ಪ್ಲಗ್, ಇಗ್ನಿಷನ್ ಕಾಯಿಲ್, ಇಲ್ಲವೇ ಎಂಜಿನ್ ಆಯಿಲ್ ಸುಡುತ್ತಿರುವುದನ್ನು ನೋಡಬೇಕಾಗುತ್ತದೆ. ನಿಮ್ಮ ಗಾಡಿ ಹಿರಿಯರ ಕೈಯಲ್ಲಿ ಸಣ್ಣ ಸಣ್ಣ ಓಡಾಟದಲ್ಲಿಯೇ ಇತ್ತೆಂದು ಕಾಣುತ್ತದೆ. ಅಂತಹ ಗಾಡಿಗಳಲ್ಲಿ ಉರಿಯದ ಪೆಟ್ರೋಲ್ ಆಯಿಲಿನಲ್ಲಿ ಸೇರಿಕೊಂಡು, ಅದರ ಆವಿ ಮತ್ತೆ ಎಂಜಿನ್ನಿಗೇ ಹೋಗಿ ಎರಡೂ ಅಂಕಿಗಳನ್ನು ಮೇಲೆತ್ತುತ್ತದೆ. ಆಯಿಲ್ ಬದಲಿಸಿ ಒಂದು ದೂರದ ಪ್ರಯಾಣ ಮಾಡಿದರೆ ಅಷ್ಟರಿಂದಲೇ ಅಂಕಿ ಇಳಿದದ್ದುಂಟು.

ಕೈಮುಗಿದು ಕೇಳಿಕೊಳ್ಳುವುದೊಂದಿದೆ: ಕ್ಯಾಟಲಿಟಿಕ್ ಕನ್ವರ್ಟರನ್ನು ಬದಲಿಸಿರಿ ಎಂದು ಯಾರಾದರೂ ಮೊದಲ ದಿನವೇ ಹೇಳಿದರೆ ಒಪ್ಪಬೇಡಿರಿ. ಅದು ಎಲ್ಲಕ್ಕಿಂತ ದುಬಾರಿಯ ಭಾಗ. ಅದು ಕೆಟ್ಟಿದ್ದರೂ ಅದನ್ನು ಕೆಡಿಸಿದ್ದು ಮೇಲೆ ಹೇಳಿದ ದೋಷಗಳೇ ಆಗಿರುತ್ತವೆಯಾದ್ದರಿಂದ, ಅವನ್ನು ಸರಿಪಡಿಸದೆ ಹೊಸದನ್ನು ಕೂರಿಸಿದರೆ ಅದೂ ವರ್ಷದೊಳಗೆ ಸುಟ್ಟುಹೋಗುತ್ತದೆ. ಹಳೆಯದನ್ನು ಬಿಚ್ಚಿ ಒಳಗಿನ ಜೇನುಗೂಡಿನಂತಹ ಭಾಗವನ್ನು ತೆಗೆದು ಬರಿಯ ಡಬ್ಬಿಯನ್ನು ಮರಳಿ ಜೋಡಿಸುವವರೂ ಇದ್ದಾರೆ. ಆದ್ದರಿಂದ ತೆಗೆದ ಪ್ರತಿಯೊಂದು ಭಾಗವನ್ನೂ ಕೇಳಿ ನೋಡಿರಿ.

ವಾಕಡದ ಓದುಗ

ಇಷ್ಟೆಲ್ಲ ತೊಂದರೆ ಏಕೆ ತೆಗೆದುಕೊಳ್ಳುತ್ತೀರಿ? ನಂಬರ್ ಪ್ಲೇಟಿನ ಫೋಟೊ ಕಳಿಸಿದರೆ ಸಾಕು, ಗಾಡಿಯನ್ನು ತರುವುದೇ ಬೇಡ, ಪ್ರಮಾಣಪತ್ರ ಮೊಬೈಲಿಗೆ ಬರುತ್ತದೆ ಎಂದು ನನ್ನ ಸಹೋದ್ಯೋಗಿಯೊಬ್ಬರು ಹೇಳುತ್ತಿದ್ದರು. ಆರು ತಿಂಗಳ ಚಿಂತೆ ಕಳೆಯುತ್ತದೆ.

ಖಡಕಿಯ ಶಿಕ್ಷಕಿ

ವಾಕಡದ ತಮ್ಮನಿಗೆ ನೇರವಾಗಿಯೇ ಹೇಳುತ್ತೇನೆ, ಬೇಸರಿಸಬೇಡಿ. ನಾನು ಕಲಿಸುವ ಶಾಲೆಯ ಗೇಟು ಮುಖ್ಯರಸ್ತೆಗೆ ತೆರೆದುಕೊಂಡಿದೆ. ಮಧ್ಯಾಹ್ನ ಶಾಲೆ ಬಿಡುವ ಹೊತ್ತಿಗೆ ಐವತ್ತು ಅರವತ್ತು ರಿಕ್ಷಾ, ವ್ಯಾನು, ಸ್ಕೂಟರುಗಳು ಎಂಜಿನ್ ಆರಿಸದೆ ಅಲ್ಲಿ ನಿಂತಿರುತ್ತವೆ, ಮಕ್ಕಳ ಮುಖ ಸರಿಯಾಗಿ ಸೈಲೆನ್ಸರಿನ ಎತ್ತರಕ್ಕೆ ಇರುತ್ತದೆ. ನನ್ನ ತರಗತಿಯಲ್ಲಿ ಮೂವರು ಮಕ್ಕಳು ಚೀಲದಲ್ಲಿ ಇನ್‌ಹೇಲರ್ ಇಟ್ಟುಕೊಂಡು ಬರುತ್ತಾರೆ. ಕಾರ್ಬನ್ ಮೊನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ರಕ್ತದಲ್ಲಿ ಆಮ್ಲಜನಕ ಕೂರಬೇಕಾದ ಜಾಗದಲ್ಲಿ ಅದು ತಾನು ಕೂರುತ್ತದೆ. ಫೋಟೊ ನೋಡಿ ಕೊಟ್ಟ ಪ್ರಮಾಣಪತ್ರದಲ್ಲಿ ಮುದ್ರಿತವಾಗುವ ಶೇ 0.2 ಎಂಬ ಅಂಕಿ ಯಾವ ಗಾಡಿಯದೂ ಅಲ್ಲ. ಆ ಗಾಡಿ ನಿಜವಾಗಿ ಬಿಡುತ್ತಿರುವ ಹೊಗೆ ಮಾತ್ರ ನಮ್ಮ ಗೇಟಿನ ಮುಂದೆಯೇ ಇರುತ್ತದೆ. ಈ ಚರ್ಚೆಯನ್ನು ಆರಂಭಿಸಿದವರು ನಿಜವಾದ ಅಂಕಿಗಳನ್ನು ಎಲ್ಲರೆದುರು ಇಟ್ಟು ದಾರಿ ಕೇಳುತ್ತಿರುವಾಗ ಅವರಿಗೆ ಇಂತಹ ಸಲಹೆಯನ್ನು ಕೊಡಬಾರದು.

ಮಾಟುಂಗಾದ ವಕೀಲರು

ಅಕ್ಕನವರ ಮಾತಿಗೆ ಕಾನೂನಿನ ಮಾತೊಂದನ್ನು ಸೇರಿಸುತ್ತೇನೆ. ಪಿಯುಸಿಯ ವಿವರಗಳು ಈಗ ಕೇಂದ್ರ ಸರ್ಕಾರದ ವಾಹನ್ ದತ್ತಾಂಶಕ್ಕೆ ಜೋಡಣೆಯಾಗಿರುತ್ತವೆ. ಪರೀಕ್ಷೆಯ ದಿನ, ಹೊತ್ತು, ಕೇಂದ್ರ ಎಲ್ಲವೂ ಅಲ್ಲಿ ದಾಖಲಾಗುತ್ತದೆ. ಗಾಡಿ ಕೊಲ್ಹಾಪುರದ ಟೋಲ್ ನಾಕಾ ದಾಟಿದ ಹೊತ್ತಿನಲ್ಲಿ ಪುಣೆಯಲ್ಲಿ ಪರೀಕ್ಷೆಯಾಯಿತು ಎಂದು ದಾಖಲಾದರೆ, ಉತ್ತರಿಸಬೇಕಾದವರು ಕೇಂದ್ರದವರಷ್ಟೇ ಅಲ್ಲ, ಮಾಲೀಕರೂ ಹೌದು.

ವಾಕಡದ ಓದುಗ

ಶಿಕ್ಷಕಿಯವರ ಮಾತು ನಾಟಿತು. ಆ ಸಲಹೆಯನ್ನು ಹಿಂದಕ್ಕೆ ತೆಗೆದುಕೊಳ್ಳುತ್ತೇನೆ. ನನ್ನದು ಹೈಬ್ರಿಡ್ ಕಾರು, ಬ್ಯಾಟರಿಯೂ ಇರುವುದರಿಂದ ಪಿಯುಸಿ ಬೇಡವೆಂದು ಶೋರೂಮಿನಲ್ಲಿ ಹೇಳಿದ್ದರು. ಅದಾದರೂ ನಿಜವೇ?

ಪಾಷಾಣದ ಇಂಜಿನಿಯರ್

ನಿಜವಲ್ಲ. ಪೂರ್ತಿ ಬ್ಯಾಟರಿಯಿಂದಲೇ ಓಡುವ ವಾಹನಕ್ಕೆ ಮಾತ್ರ ಬೇಡ, ಅದಕ್ಕೆ ಅಳೆಯಲು ಹೊಗೆಯೇ ಇಲ್ಲ. ಎಂಜಿನ್ ಇರುವ ಹೈಬ್ರಿಡ್‌ಗೆ ಬೇಕು, ಸಿಎನ್‌ಜಿ ಮತ್ತು ಎಲ್‌ಪಿಜಿ ಗಾಡಿಗೂ ಬೇಕು. ಹೊಸ ವಾಹನಕ್ಕೆ ಮೊದಲ ನೋಂದಣಿಯ ದಿನದಿಂದ ಒಂದು ವರ್ಷ ಬೇಡ. ಆ ವರ್ಷ ತುಂಬಿದ ದಿನವನ್ನು ಮರೆತು ದಂಡ ಕಟ್ಟುವವರು ಬಹಳ, ಅದನ್ನು ಎಲ್ಲಿಯಾದರೂ ಬರೆದಿಟ್ಟುಕೊಳ್ಳಿರಿ.

ಫೋಂಡಾದಿಂದ ಒಬ್ಬ ತಾಯಿ

ವಿನಾಯಿತಿಯ ಮಾತು ಬಂದದ್ದರಿಂದ ಕೇಳುತ್ತಿದ್ದೇನೆ. ನಮ್ಮ ಯಜಮಾನರು 1988ರಲ್ಲಿ ಬೆಳಗಾವಿಯಲ್ಲಿ ಕೊಂಡ 50 ಸಿಸಿ ಮೊಪೆಡ್ಡು ಇನ್ನೂ ಮನೆಯಲ್ಲಿದೆ. ಅವರಿಲ್ಲ, ಆದರೆ ಗಾಡಿಯನ್ನು ಮಾರಲು ಮನಸ್ಸು ಬಾರದೆ ಮಗ ವಾರಕ್ಕೊಮ್ಮೆ ಸಂತೆಗೆ ಓಡಿಸುತ್ತಾನೆ. ಅಷ್ಟು ಹಳೆಯ ಗಾಡಿಗೆ ಹೊಗೆ ಪರೀಕ್ಷೆಯೇ ಇಲ್ಲವೆಂದು ಇಲ್ಲೊಬ್ಬರು ಹೇಳಿದರು.

ಮಾಟುಂಗಾದ ವಕೀಲರು

ಅಮ್ಮಾ, ಅವರು ಹೇಳಿದ್ದರಲ್ಲಿ ಒಂದಂಶ ಸತ್ಯವಿದೆ. 115ನೆಯ ನಿಯಮದ ಮೊದಲ ಉಪನಿಯಮವೇ 1990ರ ಮಾರ್ಚ್ 1ಕ್ಕಿಂತ ಮೊದಲು ತಯಾರಾದ, 70 ಸಿಸಿ ಮೀರದ ಮೋಟಾರ್ ಸೈಕಲ್ಲುಗಳನ್ನು ಹೊಗೆಯ ಮಾನದಂಡದಿಂದ ಹೊರಗಿಟ್ಟಿದೆ. ಹಳೆಯದೆಂಬ ಕಾರಣ ಒಂದೇ ಸಾಲದು, ಸಣ್ಣ ಎಂಜಿನ್ನೂ ಆಗಿರಬೇಕು. 1988ರ 150 ಸಿಸಿ ಸ್ಕೂಟರಿಗೆ ಈ ವಿನಾಯಿತಿ ದೊರೆಯದು. ನಿಮ್ಮ ಮೊಪೆಡ್ಡು ಎರಡೂ ಷರತ್ತುಗಳಿಗೆ ಹೊಂದುತ್ತದೆ. ಆದರೆ ನಿಮ್ಮ ಮುಂದಿರುವ ನಿಜವಾದ ತೊಡಕು ಬೇರೆ. ಖಾಸಗಿ ವಾಹನದ ನೋಂದಣಿ 15 ವರ್ಷಕ್ಕೆ ಮುಗಿಯುತ್ತದೆ, ಆಮೇಲೆ ಐದೈದು ವರ್ಷಕ್ಕೆ ಅದನ್ನು ನವೀಕರಿಸಬೇಕು. ಮಾಲೀಕರು ತೀರಿಕೊಂಡರೆ 30 ದಿನಗಳೊಳಗೆ ಆರ್‌ಟಿಒಗೆ ತಿಳಿಸಿ, ಮೂರು ತಿಂಗಳೊಳಗೆ ವಾರಸುದಾರರ ಹೆಸರಿಗೆ ಬದಲಾಯಿಸಿಕೊಳ್ಳಬೇಕು. ಆರ್‌ಸಿ ಪುಸ್ತಕವನ್ನು ತೆಗೆದು ಈ ಎರಡನ್ನೂ ಮೊದಲು ನೋಡಿರಿ, ಅಲ್ಲಿಯವರೆಗೆ ಮಗನಿಗೆ ಅದನ್ನು ರಸ್ತೆಗೆ ಇಳಿಸಬೇಡವೆಂದು ಹೇಳಿರಿ.

ಡೊಂಬಿವಲಿಯ ಕೇಟರಿಂಗ್‌ನವರು

ನಮ್ಮದು 2014ರ ಡೀಸೆಲ್ ಟೆಂಪೊ. ಡೀಸೆಲ್ಲಿಗೆ ಹತ್ತು ವರ್ಷ ಮೀರಿದ ಮೇಲೆ ಪಿಯುಸಿಯೇ ಸಿಗುವುದಿಲ್ಲ ಎಂಬ ಸುದ್ದಿ ಇಲ್ಲಿ ಹಬ್ಬಿದೆ. ಹೋದ ಸಲ ಪರೀಕ್ಷೆಯಲ್ಲಿ ಎಂಜಿನ್ನನ್ನು ಪೂರ್ತಿ ಅದುಮಿ ಕಿರುಚಿಸಿದ್ದನ್ನು ಕಂಡು ನನ್ನ ಎದೆ ಧಸಕ್ ಎಂದಿತು. ಹಾಗೆ ಮಾಡಲೇಬೇಕೇ?

ಭೋಸರಿ ಗ್ಯಾರೇಜು

ಹತ್ತು ವರ್ಷದ ನಿರ್ಬಂಧ ದೆಹಲಿ ಮತ್ತು ಅದರ ಸುತ್ತಲಿನ ರಾಜಧಾನಿ ವಲಯದ್ದು, ಅಣ್ಣ. ಮಹಾರಾಷ್ಟ್ರದಲ್ಲಿ ಅದು ಇಲ್ಲ. ಎಂಜಿನ್ನನ್ನು ಪೂರ್ತಿ ಅದುಮುವುದು ಮಾತ್ರ ಡೀಸೆಲ್ ಪರೀಕ್ಷೆಯ ವಿಧಾನವೇ ಆಗಿದೆ. ಐಡಲಿನಿಂದ ಪೂರ್ತಿ ವೇಗದವರೆಗೆ ಹಲವು ಸಲ ಏರಿಸಿ, ಹೊಗೆ ಬೆಳಕನ್ನು ಎಷ್ಟು ತಡೆಯುತ್ತದೆ ಎಂದು ಅಳೆಯುತ್ತಾರೆ. ಹೊಗೆಯ ದಟ್ಟಣೆಯನ್ನು ಅಳೆಯುವ ಹಾರ್ಟ್ರಿಜ್ ಎಂಬ ಮಾನದಲ್ಲಿ ಮಿತಿ ಸ್ಟೇಜ್ 4ಕ್ಕಿಂತ ಮೊದಲಿನ ಗಾಡಿಗೆ 65, ಸ್ಟೇಜ್ 4ಕ್ಕೆ 50. ಎಂಜಿನ್ ಆಯಿಲ್ 60 ಡಿಗ್ರಿಗಾದರೂ ಬಿಸಿಯಾಗಿರಬೇಕು. ಟೈಮಿಂಗ್ ಬೆಲ್ಟ್ ಬದಲಿಸುವ ಗಡುವು ಮೀರಿದ್ದರೆ ಅದನ್ನು ಬದಲಿಸಿಕೊಂಡೇ ಪರೀಕ್ಷೆಗೆ ಹೋಗಿರಿ, ಆ ಓಟದಲ್ಲಿ ಬೆಲ್ಟ್ ಹರಿದರೆ ಎಂಜಿನ್ನೇ ಹೋಗುತ್ತದೆ. ಕಪ್ಪು ಹೊಗೆ ಇದ್ದರೆ ಏರ್ ಫಿಲ್ಟರ್, ಇಂಜೆಕ್ಟರ್ ನಾಜಲ್ ಮತ್ತು ಟರ್ಬೊ ಪೈಪಿನ ಸೀಳು, ಈ ಕ್ರಮದಲ್ಲಿ ನೋಡಿಸಿರಿ. ಡೀಸೆಲ್ಲಿನಲ್ಲಿ ಏರ್ ಫಿಲ್ಟರಿಗೆ ಮೊದಲ ಸ್ಥಾನ ಕೊಡಲೇಬೇಕು.

ಕೋಥ್ರೂಡಿನ ಧಾರವಾಡದವನು

ಎಲ್ಲರಿಗೂ ನಮಸ್ಕಾರ, ಹತ್ತು ದಿನಗಳ ಬಳಿಕ ಬರೆಯುತ್ತಿದ್ದೇನೆ. ಸೋಮವಾರವೇ ಕಾರನ್ನು ಮನೆಯ ಹತ್ತಿರದ ಒಂದು ಗ್ಯಾರೇಜಿಗೆ ಒಯ್ದೆ. ಚೀಟಿಯನ್ನು ನೋಡಿದ ಕೂಡಲೇ ಅವರು ಕನ್ವರ್ಟರ್ ಹೋಗಿದೆ ಎಂದರು. ಭೋಸರಿಯವರು ಬರೆದದ್ದು ನೆನಪಿಗೆ ಬಂದು, ಮೊದಲು ಸ್ಕ್ಯಾನ್ ಮಾಡಿರಿ ಎಂದೆ. ಅವರಿಗೆ ಅದು ಹಿಡಿಸಲಿಲ್ಲವಾದ್ದರಿಂದ ಕಾರನ್ನು ಇನ್ನೊಂದು ಕಡೆಗೆ ಒಯ್ದೆ. ಅಲ್ಲಿ ಸೆನ್ಸರಿನ ಸಂಕೇತ ಕೆಳಗೇ ನಿಂತಿರುವುದು ಕಂಡಿತು. ಬೆಳಿಗ್ಗೆ ಟಿಕ್ ಟಿಕ್ ಸದ್ದಾಗುತ್ತದೆಯೇ ಎಂದು ನಾನು ತಂದೆಯವರಿಗೆ ಫೋನ್ ಮಾಡಿ ಕೇಳಿದಾಗ, ಅವರು ಎರಡು ವರ್ಷಗಳಿಂದ ಆಗುತ್ತದೆ, ಹೊಲಿಗೆ ಯಂತ್ರದಂತೆ ಎಂದರು. ಮ್ಯಾನಿಫೋಲ್ಡಿನ ಗ್ಯಾಸ್ಕೆಟ್ ಸೀಳಿತ್ತು. ಗ್ಯಾಸ್ಕೆಟ್, ಆಯಿಲ್, ಫಿಲ್ಟರುಗಳು ಮತ್ತು ಪ್ಲಗ್ ಬದಲಾದವು. ಸೆನ್ಸರ್ ಹಳೆಯದೇ, ಈಗ ಸರಿಯಾಗಿ ಏರಿಳಿಯುತ್ತಿದೆ. ಕನ್ವರ್ಟರನ್ನು ಮುಟ್ಟಲಿಲ್ಲ.

ಗುರುವಾರ ಬೆಂಗಳೂರು ಹೆದ್ದಾರಿಯಲ್ಲಿ ಕಾತ್ರಜದವರೆಗೆ ಹೋಗಿ, ಎಂಜಿನ್ ಆರಿಸದೆ ಅದೇ ಮೊದಲಿನ ಕೇಂದ್ರದಲ್ಲಿಯೇ ಪರೀಕ್ಷೆ ಮಾಡಿಸಿದೆ. ಬೇರೆ ಕಡೆ ಹೋದರೆ ಮಾಪಕದ ವ್ಯತ್ಯಾಸವೋ ದುರಸ್ತಿಯ ಫಲವೋ ತಿಳಿಯುವುದಿಲ್ಲವೆಂದು ಹಾಗೆ ಮಾಡಿದೆ. ಮೊನಾಕ್ಸೈಡ್ ಶೇ 0.21, ಹೈಡ್ರೋಕಾರ್ಬನ್ 165 ಪಿಪಿಎಂ. ಸಂದೇಶ ಧಾರವಾಡದಲ್ಲಿರುವ ತಂದೆಯವರ ಮೊಬೈಲಿಗೇ ಹೋಗಿ, ನಾನು ತಿಳಿಸುವ ಮೊದಲೇ ಅವರು ಫೋನ್ ಮಾಡಿದರು.

ವಕೀಲರಲ್ಲಿ ಇನ್ನೊಂದು ವಿನಂತಿ. ಮುಂದಿನ ವರ್ಷ ಕಾರಿಗೆ 15 ತುಂಬುತ್ತದೆ. ಪುಣೆಯ ನೋಂದಣಿಗೆ ಬದಲಾಯಿಸಬೇಕೇ, ಅಥವಾ ಗುಜರಿಗೆ ಕೊಡುವುದು ಒಳ್ಳೆಯದೇ?

ಮಾಟುಂಗಾದ ವಕೀಲರು

ಅಭಿನಂದನೆಗಳು. ಒಂದು ವಾಹನವನ್ನು 12 ತಿಂಗಳಿಗಿಂತ ಹೆಚ್ಚು ಕಾಲ ಬೇರೆ ರಾಜ್ಯದಲ್ಲಿ ಇಟ್ಟುಕೊಂಡರೆ ಕಾಯ್ದೆಯ 47ನೆಯ ಕಲಮಿನಂತೆ ಆ ರಾಜ್ಯದ ನೋಂದಣಿ ಪಡೆಯಬೇಕು. ನಿಮಗೆ ಏಳು ತಿಂಗಳು ದಾಟಿದೆ, ಹಾಗಾಗಿ ಧಾರವಾಡದ ಆರ್‌ಟಿಒದಿಂದ ನಿರಾಕ್ಷೇಪಣಾ ಪತ್ರಕ್ಕೆ ನಮೂನೆ 28ರಲ್ಲಿ ಈಗಲೇ ಅರ್ಜಿ ಹಾಕಿರಿ. 15 ವರ್ಷದ ಬಳಿಕ ನವೀಕರಿಸಲು ಯೋಗ್ಯತಾ ಪರೀಕ್ಷೆಯಿದೆ, ಮಹಾರಾಷ್ಟ್ರದಲ್ಲಿ ಪರಿಸರ ತೆರಿಗೆಯೂ ಬೀಳುತ್ತದೆ. ಗುಜರಿಗೆ ಕೊಡುವುದಾದರೆ ಸರ್ಕಾರದಲ್ಲಿ ನೋಂದಾಯಿತವಾದ ಕೇಂದ್ರಕ್ಕೇ ಕೊಟ್ಟು, ಗಾಡಿಯನ್ನು ಒಪ್ಪಿಸಿದ್ದಕ್ಕೆ ಅವರು ಕೊಡುವ ಠೇವಣಿ ಪ್ರಮಾಣಪತ್ರವನ್ನು ಪಡೆಯಿರಿ. ಅದರ ಮೇಲೆ ಹೊಸ ಖಾಸಗಿ ವಾಹನದ ತೆರಿಗೆಯಲ್ಲಿ ಶೇ 25ರವರೆಗೆ ರಿಯಾಯಿತಿ ಕೊಡಲು ಕೇಂದ್ರದ ನಿಯಮವು ರಾಜ್ಯಗಳಿಗೆ ಅವಕಾಶ ಮಾಡಿದೆ. ಶೇ 0.21 ತೋರಿಸುತ್ತಿರುವ ಗಾಡಿಯನ್ನು ನಾನಾದರೆ ಇನ್ನೈದು ವರ್ಷ ಇಟ್ಟುಕೊಳ್ಳುತ್ತಿದ್ದೆ.

ಭೋಸರಿ ಗ್ಯಾರೇಜು

ನಾನೂ ಅದನ್ನೇ ಹೇಳುತ್ತೇನೆ. ಐದಾರು ನೂರು ಕಿಲೋಮೀಟರ್ ಓಡಿದ ಮೇಲೆ ಮ್ಯಾನಿಫೋಲ್ಡಿನ ನಟ್ಟುಗಳನ್ನು ಒಮ್ಮೆ ಬಿಗಿ ಮಾಡಿಸಿರಿ, ಹೊಸ ಗ್ಯಾಸ್ಕೆಟ್ ಬಿಸಿಗೆ ಕೂತ ಮೇಲೆ ಅವು ಸಡಿಲವಾಗುತ್ತವೆ.